ಮನೆಯಲ್ಲೇ ಕಟ್ಟಿದ ಆಡಿಯೋ ಕಂಪ್ರೆಸರ್ ಕೆಲಸ ಮಾಡ್ತಿಲ್ವಾ? ಹೀಗೆ ನೋಡಿ

ಕುಂಬಳೆ ಕಡೆ ಯಕ್ಷಗಾನ ಆಟ ರೆಕಾರ್ಡ್ ಮಾಡುವಾಗ ಚೆಂಡೆಯ ಏಟಿಗೆ ಭಾಗವತರ ಪದವೇ ಮುಳುಗುತ್ತದೆ, ಅದಕ್ಕೇ ನಾನು ಎಲ್‌ಇಡಿ, ಎಲ್‌ಡಿಆರ್ (ಬೆಳಕು ಬಿದ್ದರೆ ತಡೆ ಇಳಿಯುವ ರೆಸಿಸ್ಟರ್) ಹಾಕಿ, ಜೋರು ಸದ್ದನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್ ಕಟ್ಟಿದ್ದು.

ಮೊದಲು ಸಿಗ್ನಲ್ ಹಿಗ್ಗಿಸುವ ಐಸಿ. ಟಿಎಲ್072ರ 8 ಮತ್ತು 4ನೇ ಕಾಲಿನ ನಡುವೆ ಬ್ಯಾಟರಿಯ 9 ವೋಲ್ಟ್ ಬರಬೇಕು. ಸದ್ದಿಲ್ಲದಾಗ 1 ಮತ್ತು 7ನೇ ಕಾಲಲ್ಲಿ ಸುಮಾರು 4.5. ತುಂಬಾ ಹೆಚ್ಚುಕಮ್ಮಿ ಇದ್ದರೆ ಬ್ಯಾಟರಿ ವೋಲ್ಟೇಜನ್ನು ಅರ್ಧ ಮಾಡಿ ಕೊಡುವ ಬಯಾಸ್ ರೆಸಿಸ್ಟರ್‌ಗಳ ಬೆಸುಗೆ ನೋಡಿ.

ಆಮೇಲೆ ಜೋರಾಗಿ ಸದ್ದು ಕೊಡಿ, ಎಲ್‌ಇಡಿ ಮಿನುಗಬೇಕು. ಮಿನುಗದಿದ್ದರೆ ಡಯೋಡ್ ತಿರುಗಿ ಕೂತಿದೆಯಾ ನೋಡಿ. 1ಎನ್4148ರಲ್ಲಿ ಕಪ್ಪು ಗೆರೆ ಇರುವುದೇ ಕ್ಯಾಥೋಡ್. ಮಿನುಗಿದರೂ ಸದ್ದು ತಗ್ಗದಿದ್ದರೆ ಎಲ್‌ಡಿಆರ್‌ನ ಒಂದು ಕಾಲು ಬಿಚ್ಚಿ ಮೀಟರ್ ಹಿಡಿಯಿರಿ: ಕತ್ತಲಲ್ಲಿ ಲಕ್ಷಗಟ್ಟಲೆ ಓಮ್ ಇದ್ದದ್ದು ಬೆಳಕು ಬಿದ್ದ ಕೂಡಲೇ ಕೆಲವು ಸಾವಿರಕ್ಕೆ ಇಳಿಯಬೇಕು.

ನನ್ನದರಲ್ಲಿ ಇದೆಲ್ಲ ಸರಿ ಇತ್ತು, ಆದರೆ ಎಲ್‌ಇಡಿ, ಎಲ್‌ಡಿಆರ್ ಎರಡನ್ನೂ ಮುಚ್ಚುವ ಕಪ್ಪು ಸ್ಲೀವಿನ ಒಂದು ತುದಿ ಚೂರು ತೆರೆದಿತ್ತು, ಅಲ್ಲಿಂದ ಟ್ಯೂಬ್‌ಲೈಟ್ ಬೆಳಕು ನುಗ್ಗಿ ಸದ್ದು ಯಾವಾಗಲೂ ಸಣ್ಣ, ಜೊತೆಗೆ ಗುಂಯ್ ಅನ್ನುವ ಹಮ್. ಕಪ್ಪು ಟೇಪ್ ಸುತ್ತಿದೆ, ಎರಡೂ ಹೋಯಿತು!

ಪೆಟ್ಟು ಪೆಟ್ಟಿಗೂ ಪದ ಉಬ್ಬಿ ತಗ್ಗಿದ ಹಾಗೆ ಕೇಳಿಸಿದರೆ ಡಯೋಡ್ ನಂತರದ ಕೆಪಾಸಿಟರ್ ಸಣ್ಣದಾಯ್ತು. 1 ಮೈಕ್ರೋಫ್ಯಾರಡ್ ಇದ್ದರೆ 4.7 ಹಾಕಿ ಕೇಳಿ, ಪ್ಲಸ್ ಮೈನಸ್ ನೋಡಿಕೊಂಡೇ ಹಾಕಿ.