ಹೊಗಳಿಕೆ ಕಳೆದ ಮೇಲೆ ಉಳಿದ ಚಿತ್ರ

ಹಿರಿಯ ಕವಿಯೊಬ್ಬರ ಬಗ್ಗೆ ನಾನು ಮಾಡಿದ ಮೊದಲ ಸಾಕ್ಷ್ಯಚಿತ್ರಕ್ಕಾಗಿ 11 ಜನರನ್ನು ಮಾತನಾಡಿಸಿದ್ದೆ. ವಿಮರ್ಶಕರು, ಶಿಷ್ಯರು, ಸಮಕಾಲೀನ ಲೇಖಕರು ಎಲ್ಲರೂ ಪ್ರೀತಿಯಿಂದಲೇ ಮಾತನಾಡಿದರು. ಆದರೆ ಸಂಕಲನಕ್ಕೆ ಕುಳಿತಾಗ, ಈ ಕವಿಯ ಹೆಸರನ್ನು ತೆಗೆದು ಬೇರೊಬ್ಬರ ಹೆಸರನ್ನು ಸೇರಿಸಿದರೂ ಆ ಮಾತುಗಳಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ ಎಂಬುದು ನನಗೆ ಹೊಳೆಯಿತು. 9 ಸಂದರ್ಶನಗಳನ್ನು ಕೈಬಿಟ್ಟು ಮತ್ತೆ ಕವಿಯ ಬಳಿಗೇ ಹೋದೆ. ಒಂದೇ ಕವಿತೆಯ ಮೂರು ಕರಡುಗಳನ್ನು ಅವರ ಮುಂದಿಟ್ಟು, ಒಂದಾದ ಮೇಲೊಂದರಂತೆ ಗಟ್ಟಿಯಾಗಿ ಓದಬೇಕೆಂದು ಕೇಳಿಕೊಂಡೆ. ಎರಡನೆಯ ಕರಡಿನಲ್ಲಿ ಹೊಡೆದುಹಾಕಿದ್ದ ಸಾಲಿನ ಬಳಿ ಅವರು ನಿಂತರು. ‘ಈ ಪದವನ್ನು ಪ್ರಾಸ ತಂದಿತ್ತು, ಅದಕ್ಕೇ ತೆಗೆದೆ’ ಎಂದು ಹೇಳಿ ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತಾ ಕುಳಿತರು. ಆ ನಾಲ್ಕು ನಿಮಿಷಗಳ ಸುತ್ತ ಇಡೀ ಚಿತ್ರವನ್ನು ಹೊಸದಾಗಿ ಕಟ್ಟಿದೆ.

ಬರವಣಿಗೆ ಕಣ್ಣಿಗೆ ಕಾಣುವ ಕ್ರಿಯೆಯಲ್ಲವಾದ್ದರಿಂದ ಸಾಹಿತಿಗಳ ಚಿತ್ರಣದಲ್ಲಿ ಈ ಕಷ್ಟ ಯಾವಾಗಲೂ ಇದ್ದೇ ಇರುತ್ತದೆ. ಪೆನ್ನು ಹಿಡಿದು ಬರೆಯುವಂತೆ ನಟಿಸಿ ಎಂದು ಲೇಖಕರನ್ನು ಕೇಳುವುದು ಅವರಿಗೆ ಮಾಡುವ ಅವಮಾನವೆಂದೇ ನಾನು ಭಾವಿಸುತ್ತೇನೆ. ಚಿತ್ತುಕಾಟುಗಳಿರುವ ಹಸ್ತಪ್ರತಿ, ಅಂಚಿನಲ್ಲಿ ಗೀಚಿದ ಟಿಪ್ಪಣಿ, ತಾನು ಬರೆದದ್ದನ್ನು ತಾನೇ ಓದುವಾಗ ಲೇಖಕರ ದನಿ ಎಲ್ಲಿ ನಿಧಾನವಾಗುತ್ತದೆ ಎಂಬುದು, ಇವುಗಳಲ್ಲಿ ಕೆಲಸದ ಜಾಡು ಸಿಗುತ್ತದೆ.

ಚಿತ್ರಕಾರರ ವಿಷಯದಲ್ಲಿ ಸಮಸ್ಯೆ ಬೇರೆ. ಕೆಲಸ ಕಣ್ಣಿಗೆ ಕಾಣುತ್ತದೆ, ಆದರೆ ಕುಂಚ ಹಿಡಿದ ದೇಹವೇ ಅದನ್ನು ಮರೆಮಾಡುತ್ತದೆ. ಛಾಯಾಗ್ರಾಹಕ ಹಾನ್ಸ್ ನಾಮುತ್ 1950ರಲ್ಲಿ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಅವರಿಂದ ಗಾಜಿನ ಮೇಲೆ ಚಿತ್ರ ಬರೆಸಿ ಕೆಳಗಿನಿಂದ ಕ್ಯಾಮೆರಾ ಹಿಡಿದದ್ದೂ, ಫ್ರೆಂಚ್ ನಿರ್ದೇಶಕ ಹೆನ್ರಿ ಜಾರ್ಜ್ ಕ್ಲೂಜೊ 1956ರ ತಮ್ಮ ಚಿತ್ರದಲ್ಲಿ ಪಿಕಾಸೊ ಅವರಿಗೆ ಹಿಂಬದಿಗೆ ಇಳಿಯುವ ಶಾಯಿಯನ್ನು ಕೊಟ್ಟು ಮತ್ತೊಂದು ಬದಿಯಿಂದ ಚಿತ್ರೀಕರಿಸಿದ್ದೂ ಈ ಒಂದೇ ತೊಡಕನ್ನು ದಾಟಲೆಂದು. ನಾನು ಚಿತ್ರೀಕರಿಸಿದ ಚಿತ್ರಕಾರರು ತಮ್ಮ ಕ್ಯಾನ್ವಾಸನ್ನಾಗಲೀ ಬಣ್ಣವನ್ನಾಗಲೀ ಬದಲಿಸಲು ಒಪ್ಪುವವರಲ್ಲ, ಅದನ್ನು ಕೇಳುವ ಮನಸ್ಸೂ ನನಗಿರಲಿಲ್ಲ. ಅವರು ಬಲಗೈಯಲ್ಲಿ ಬರೆಯುತ್ತಿದ್ದುದರಿಂದ ಎಡ ಹೆಗಲಿನ ಹಿಂದೆ, ಸ್ವಲ್ಪ ದೂರದಲ್ಲಿ 85 ಮಿಲಿಮೀಟರ್ ಲೆನ್ಸ್ ಹಾಕಿ ಕುಳಿತೆ. ಕಿಟಕಿಯ ಬೆಳಕೊಂದೇ ಸಾಕೆಂದುಕೊಂಡೆ. ಮೊದಲ ದಿನದ ಫುಟೇಜ್ ಕೆಟ್ಟಿತು, ಏಕೆಂದರೆ ಬಿಳಿಯನ್ನು ಬಿಳಿಯಾಗಿಯೇ ಕಾಣಿಸುವಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಕ್ಯಾಮೆರಾದ ಪಾಡಿಗೆ ಬಿಟ್ಟಿದ್ದೆ. ಕ್ಯಾನ್ವಾಸಿನಲ್ಲಿ ನೀಲಿ ಹರಡಿದಂತೆಲ್ಲ ಅದನ್ನು ಬೆಳಕಿನ ದೋಷವೆಂದು ಭ್ರಮಿಸಿದ ಕ್ಯಾಮೆರಾ ಇಡೀ ದೃಶ್ಯವನ್ನು ಹಳದಿಯ ಕಡೆಗೆ ಎಳೆದಿತ್ತು. ಮರುದಿನದಿಂದ ಬಿಳಿ ಹಾಳೆಯೊಂದನ್ನು ಕ್ಯಾನ್ವಾಸಿನ ಜಾಗದಲ್ಲಿ ಹಿಡಿದು ಅಳತೆಯನ್ನು ನಾನೇ ನಿಗದಿಪಡಿಸಿದೆ, ಬೆಳಕು ಬದಲಾದಾಗಲೆಲ್ಲ ಮತ್ತೆ ಹಿಡಿದೆ. ಮೂರನೆಯ ದಿನ ಅವರು ಕುಂಚವನ್ನು ಕೆಳಗಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಏನನ್ನೂ ಮಾಡದೆ 20 ನಿಮಿಷ ಚಿತ್ರವನ್ನು ನೋಡಿದರು. ನಾನು ಕ್ಯಾಮೆರಾ ನಿಲ್ಲಿಸಲಿಲ್ಲ. ಬಣ್ಣ ಹಚ್ಚುವುದಕ್ಕಿಂತ ಹೆಚ್ಚಿನ ಕೆಲಸ ಆ ನೋಟದಲ್ಲಿ ನಡೆಯುತ್ತಿತ್ತು.

ಪ್ರದರ್ಶಕ ಕಲಾವಿದರ ಬಗ್ಗೆ ಯೋಚಿಸುವಾಗ ಸತ್ಯಜಿತ್ ರಾಯ್ 1976ರಲ್ಲಿ ಭರತನಾಟ್ಯ ಕಲಾವಿದೆ ಬಾಲಸರಸ್ವತಿಯವರ ಬಗ್ಗೆ ಮಾಡಿದ ಚಿತ್ರ ನೆನಪಾಗುತ್ತದೆ. ಆಗ ಅವರ ವಯಸ್ಸು 60ರ ಸಮೀಪದಲ್ಲಿತ್ತು. ಸಮುದ್ರತೀರದ ಗಾಳಿಯಲ್ಲಿ ಅವರು ‘ಕೃಷ್ಣಾ ನೀ ಬೇಗನೆ ಬಾರೋ’ ಪದಕ್ಕೆ ಅಭಿನಯಿಸುವುದನ್ನು ನೋಡುವಾಗ ವಯಸ್ಸಿನ ಲೆಕ್ಕ ಮನಸ್ಸಿಗೆ ಬರುವುದಿಲ್ಲ. ‘ನನ್ನ ಕಂಠ ಈಗ ಮೊದಲಿನಂತಿಲ್ಲ’ ಎಂದು ಹಿಂಜರಿದ ಹಿರಿಯ ಗಾಯಕಿಯೊಬ್ಬರನ್ನು ನಾನು ಒಪ್ಪಿಸಿದ್ದು ಈ ಚಿತ್ರವನ್ನು ತೋರಿಸಿಯೇ. ಅವರ ಕಛೇರಿಗಿಂತ ಬೆಳಗಿನ ಸಾಧಕವನ್ನೇ ಹೆಚ್ಚಾಗಿ ಚಿತ್ರೀಕರಿಸಿದೆ, ಏಕೆಂದರೆ ವೇದಿಕೆಯಲ್ಲಿ ದಾಟಿಹೋಗುವ ತಪ್ಪನ್ನು ಅವರು ಅಲ್ಲಿ ನಿಲ್ಲಿಸಿ ತಿದ್ದುತ್ತಿದ್ದರು.

ಚಿಂತಕರನ್ನು ತೋರಿಸುವುದು ಎಲ್ಲಕ್ಕಿಂತ ಕಠಿಣ. ತತ್ವಶಾಸ್ತ್ರದ ಅಧ್ಯಾಪಕರೊಬ್ಬರು ನನ್ನ ಪ್ರಶ್ನೆಗಳಿಗೆ ಉಪನ್ಯಾಸದ ಧಾಟಿಯಲ್ಲಿ ಸಿದ್ಧ ಉತ್ತರಗಳನ್ನು ಕೊಡುತ್ತಿದ್ದರು. ಅವರ ಮಾತನ್ನು ಒಪ್ಪದ ಹಳೆಯ ವಿದ್ಯಾರ್ಥಿಯೊಬ್ಬರನ್ನು ಎದುರಿಗೆ ಕೂರಿಸಿ, ನಾನು ಕ್ಯಾಮೆರಾದ ಹಿಂದಕ್ಕೆ ಸರಿದ ಮೇಲೆ, ಅವರು ಮೊದಲ ಬಾರಿಗೆ ಹುಡುಕುತ್ತಾ ಮಾತನಾಡಿದರು. ಆಕ್ಷೇಪಣೆಗೂ ಉತ್ತರಕ್ಕೂ ನಡುವೆ 12 ಸೆಕೆಂಡುಗಳ ಮೌನವಿದೆ. ಸಂಕಲನಕಾರರು ಅದನ್ನು ಮೂರು ಸೆಕೆಂಡಿಗೆ ಇಳಿಸೋಣವೆಂದರು, ನಾನು ಒಪ್ಪಲಿಲ್ಲ.

ಮೌನವನ್ನು ಉಳಿಸಿಕೊಳ್ಳಬೇಕಾದರೆ ಧ್ವನಿಗ್ರಹಣದಲ್ಲಿ ಶಿಸ್ತು ಬೇಕು. ಪ್ರತಿ ಸಂದರ್ಶನ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ಕೂರಿಸಿ ಅದೇ ಕೋಣೆಯ ನಿಶ್ಶಬ್ದವನ್ನು ಒಂದು ನಿಮಿಷ ದಾಖಲಿಸುತ್ತೇನೆ. ಮಾತುಗಳ ನಡುವಿನ ಕತ್ತರಿಕೆಗಳನ್ನು ಹೊಲಿಯುವುದು ಅದೇ. ಕಾಲರ್ ಮೈಕ್ ಬಟ್ಟೆಗೆ ಉಜ್ಜಿದರೆ ಒಳ್ಳೆಯ ಮಾತೊಂದು ಹಾಳಾಗುವುದರಿಂದ ಉದ್ದನೆಯ ಕೋಲಿಗೆ ಕಟ್ಟಿದ ಬೂಮ್ ಮೈಕನ್ನೂ ಜೊತೆಗಿಡುತ್ತೇನೆ.

ನಾಟಕಕಾರರೊಬ್ಬರ ಚಿತ್ರದಲ್ಲಿ, ತಮ್ಮ ತಂಡವನ್ನು ತಾವೇ ಒಡೆದದ್ದರ ಬಗ್ಗೆ ಅವರು ನೋವಿನಿಂದ ಹೇಳಿದ ಭಾಗವಿತ್ತು. ಅದನ್ನು ತೆಗೆಯಿರೆಂದು ಮನೆಯವರು ಕೇಳಿದರು. ಸಹಿ ಹಾಕಿದ ಒಪ್ಪಿಗೆ ಪತ್ರ ನನ್ನ ಬಳಿ ಇತ್ತು, ಆದರೆ ಅದನ್ನು ಮುಂದೆ ಹಿಡಿಯಲಿಲ್ಲ. ಚಿತ್ರವನ್ನು ನಾಟಕಕಾರರು ಮತ್ತು ಮನೆಯವರೊಂದಿಗೇ ಕುಳಿತು ಪೂರ್ತಿ ನೋಡಿದೆ. ಮುಗಿದ ಮೇಲೆ ನಾಟಕಕಾರರು, ‘ಇದು ಇರಲಿ, ಇದಿಲ್ಲದಿದ್ದರೆ ಆಮೇಲೆ ನಾನೇಕೆ ಆ ನಾಟಕ ಬರೆದೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ’ ಎಂದರು. ಅವರು ಬೇಡವೆಂದಿದ್ದರೆ ತೆಗೆಯುತ್ತಿದ್ದೆ.

ಆ ಚಿತ್ರದ ಅವಧಿ 52 ನಿಮಿಷ, ಸಂದರ್ಶನದ ಅವಧಿ 19 ಗಂಟೆ. ಉಳಿದದ್ದನ್ನೆಲ್ಲ, ಯಾವ ಮಾತು ಎಷ್ಟು ಹೊತ್ತಿಗೆ ಬರುತ್ತದೆ ಎಂಬ ಟೈಮ್‌ಕೋಡ್ ಸಹಿತ ಅಕ್ಷರಕ್ಕಿಳಿಸಿ, ಮೂರು ಪ್ರತಿಗಳನ್ನು ಮಾಡಿ, ಒಂದನ್ನು ಅವರ ಮನೆಯವರಿಗೆ ಕೊಟ್ಟಿದ್ದೇನೆ. ಈಚೆಗೆ ಅವರ ನಾಟಕಗಳ ಬಗ್ಗೆ ಅಧ್ಯಯನ ಮಾಡುತ್ತಿರುವ ಒಬ್ಬರು, ನಾನು ಚಿತ್ರದಲ್ಲಿ ಬಳಸದೇ ಬಿಟ್ಟಿದ್ದ ಏಳನೆಯ ಗಂಟೆಯ ಮಾತನ್ನು ಹುಡುಕಿಕೊಂಡು ಬಂದಿದ್ದರು.