ನೀರಿನ ಧಾರೆ ಹನಿಯಾಗುವುದನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆ

ನಲ್ಲಿಯನ್ನು ಸಣ್ಣಗೆ ಬಿಟ್ಟು ನೋಡಿ. ಮೇಲೆ ನೀರು ಗಾಜಿನ ಕಡ್ಡಿಯ ಹಾಗೆ ನೆಟ್ಟಗೆ ಇಳಿಯುತ್ತದೆ, ಕೆಳಗೆ ಬರುವಷ್ಟರಲ್ಲಿ ಹನಿ ಹನಿ. ಈ ನಡುವೆ ಏನಾಗುತ್ತದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಅದನ್ನೇ ಸಿಮ್ಯುಲೇಶನ್ ಮಾಡಿ, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ ನೋಡಬೇಕು ಅಂತ ಕೂತೆ. ಮೂರು ವಾರ ಹಿಡಿಯಿತು.

ಈ ಸಮಸ್ಯೆಯನ್ನೇ ಆರಿಸಿಕೊಳ್ಳಲು ಕಾರಣ ಇದೆ. ಇದರ ಉತ್ತರ ಕಾಗದದ ಮೇಲೆ ಮೊದಲೇ ಇದೆ. ಧಾರೆಯ ಮೈಮೇಲೆ ಏಳುವ ಪುಟ್ಟ ಅಲೆಗಳು ಬೆಳೆದು ಅದನ್ನು ತುಂಡು ಮಾಡುತ್ತವೆ; ಧಾರೆಯ ಸುತ್ತಳತೆಗಿಂತ ಉದ್ದವಾದ ಅಲೆ ಮಾತ್ರ ಬೆಳೆಯುತ್ತದೆ ಅಂತ ಬೆಲ್ಜಿಯಂನ ಭೌತವಿಜ್ಞಾನಿ ಪ್ಲಾಟೋ ತೋರಿಸಿದ್ದರು. ಯಾವ ಅಲೆ ಎಲ್ಲಕ್ಕಿಂತ ಬೇಗ ಬೆಳೆಯುತ್ತದೆ ಅಂತ 1870ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ರೇಲೀ ಲೆಕ್ಕ ಹಾಕಿದರು: ಅದರ ಉದ್ದ ವ್ಯಾಸದ ಸುಮಾರು ನಾಲ್ಕೂವರೆ ಪಟ್ಟು. ಹಾಗಾಗಿ 1 ಮಿಲಿಮೀಟರ್ ದಪ್ಪದ ಧಾರೆಯ 4.5 ಮಿಲಿಮೀಟರ್ ತುಂಡು ತೆಗೆದುಕೊಂಡೆ. ಧಾರೆ ಉರುಟಾಗಿರುವುದರಿಂದ ಪೂರ್ತಿ ಮೂರು ಆಯಾಮ ಬೇಕಿಲ್ಲ, ಅಕ್ಷದಿಂದ ಹೊರಗಿನ ಒಂದು ಸೀಳು ಸಾಕು. ಸ್ಟೆಫಾನ್ ಪೊಪಿನೆ ಶುರು ಮಾಡಿದ ಬೆಸಿಲಿಸ್ಕ್ ಅನ್ನುವ ಉಚಿತ ತಂತ್ರಾಂಶ ಬಳಸಿದೆ. ಅದು ಜಾಗವನ್ನು ಪುಟ್ಟ ಚೌಕಗಳ ಜಾಲವಾಗಿ (ಗ್ರಿಡ್) ಹಂಚುತ್ತದೆ; ಒಂದೊಂದು ಚೌಕ ಒಂದು ಕೋಶ. ಪ್ರತಿ ಕೋಶದಲ್ಲಿ ನೀರು ಎಷ್ಟು ಭಾಗ, ಗಾಳಿ ಎಷ್ಟು ಭಾಗ ಅಂತ ಲೆಕ್ಕ ಇಟ್ಟುಕೊಂಡು ಅದು ನೀರಿನ ಅಂಚನ್ನು ಹಿಡಿಯುತ್ತದೆ.

ಧಾರೆಗೆ ಕೈ ಹಾಕುವ ಮೊದಲು ಒಂದು ಕೆಲಸ ಮಾಡಿದೆ, ನೀವೂ ಮಾಡಿ. ಸುಮ್ನೆ ನಿಂತಿರುವ ಒಂದೇ ಒಂದು ಹನಿ ಇಟ್ಟು ಓಡಿಸಿದೆ. 1 ಮಿಲಿಮೀಟರ್ ತ್ರಿಜ್ಯದ ನೀರಿನ ಹನಿಯ ಒಳಗೆ ಒತ್ತಡ ಹೊರಗಿಗಿಂತ 144 ಪಾಸ್ಕಲ್ ಜಾಸ್ತಿ ಇರಬೇಕು, ನೀರು ಅಲ್ಲಾಡಬಾರದು. ಅಂಚಿನ ಬಾಗನ್ನು ಸರಿಯಾಗಿ ಲೆಕ್ಕ ಹಾಕದಿದ್ದರೆ ಹನಿಯ ಸುತ್ತ ಇಲ್ಲದ ಸುಳಿಗಳು ಏಳುತ್ತವೆ. ಅವು ಎದ್ದರೆ ಮುಂದಿನ ಯಾವ ಚಿತ್ರವನ್ನೂ ನಂಬುವಂತಿಲ್ಲ.

ಆಮೇಲೆ ಧಾರೆ. ತ್ರಿಜ್ಯದ 1 ಪ್ರತಿಶತದಷ್ಟು ಅಲೆ ಕೊಟ್ಟು ಬಿಟ್ಟೆ. ಲೆಕ್ಕದ ಪ್ರಕಾರ ಅದು ಸುಮಾರು 4 ಮಿಲಿಸೆಕೆಂಡಿಗೊಮ್ಮೆ 2.7 ಪಟ್ಟಾಗಿ, 18 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಧಾರೆ ತುಂಡಾಗಬೇಕು. ಹೆಚ್ಚುಕಡಿಮೆ ಹಾಗೇ ಆಯಿತು. ದೊಡ್ಡ ಹನಿಯೂ ಧಾರೆಗಿಂತ ಎರಡು ಪಟ್ಟಿಗೆ ಸ್ವಲ್ಪ ಕಡಿಮೆ ದಪ್ಪ ಬಂತು. ಖುಷಿಯಾಯಿತು.

ತೊಂದರೆ ಇದ್ದದ್ದು ಎರಡು ಹನಿಗಳ ನಡುವಿನ ಎಳೆಯಲ್ಲಿ. ತ್ರಿಜ್ಯಕ್ಕೆ 8 ಕೋಶ ಇಟ್ಟಿದ್ದೆ. ಎಳೆ ಸಣ್ಣಗಾಗುತ್ತಾ ಬಂದು ಒಂದು ಕೋಶದಷ್ಟಾದಾಗ ಪುಡಿಪುಡಿಯಾಯಿತು, ಐದಾರು ಚೂರು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಪ್ರತಿ ಚೂರೂ ಸರಿಯಾಗಿ ಒಂದು ಕೋಶದಷ್ಟೇ ದೊಡ್ಡದು ಅಂದಮೇಲೆ ಅನುಮಾನ ಬರಬೇಕಲ್ವಾ? ಅಲ್ಲಿ ಎಳೆಯನ್ನು ಕತ್ತರಿಸಿದ್ದು ಮೇಲ್ಮೈ ಎಳೆತ (ನೀರಿನ ಮೈಯನ್ನು ಕುಗ್ಗಿಸಲು ನೋಡುವ ಬಲ) ಅಲ್ಲ, ನನ್ನ ಗ್ರಿಡ್.

ಕೋಶವನ್ನು ಅರ್ಧಕ್ಕಿಳಿಸಿದೆ. ಕೋಶಗಳು ನಾಲ್ಕು ಪಟ್ಟಾದವು. ಮೇಲ್ಮೈ ಎಳೆತದ ಪುಟ್ಟ ಅಲೆಗಳಿಗಾಗಿ ಕಾಲದ ಹೆಜ್ಜೆಯೂ, ಅಂದರೆ ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಸರಿಯುವ ಸಮಯವೂ, 2.8 ಪಟ್ಟು ಚಿಕ್ಕದಾಗಬೇಕು. ಒಟ್ಟು ಹನ್ನೊಂದು ಪಟ್ಟು ಕೆಲಸ. ಇನ್ನೊಂದು ಸಲ ಅರ್ಧ ಮಾಡಿದಾಗ ಲ್ಯಾಪ್‌ಟಾಪ್ ರಾತ್ರಿಯಿಡೀ ಓಡಿತು. ನೀರಿನ ಅಂಚಿನ ಹತ್ತಿರ ಮಾತ್ರ ಕೋಶ ಸಣ್ಣದಾಗುವಂತೆ ಬೆಸಿಲಿಸ್ಕ್ ನೋಡಿಕೊಳ್ಳದಿದ್ದರೆ ಅದೂ ಆಗುತ್ತಿರಲಿಲ್ಲ.

ಬೆಳಿಗ್ಗೆ ಎದ್ದು ಚಿತ್ರಗಳನ್ನು ಒಂದೊಂದಾಗಿ ಸರಿಸಿದೆ. ಎಳೆ ನಡುವೆ ತುಂಡಾಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲ. ದೊಡ್ಡ ಹನಿಗೆ ಅಂಟಿಕೊಂಡ ಜಾಗದಲ್ಲಿ ಕತ್ತು ಸಣ್ಣಗಾಗಿ ಪಟ್ಟನೆ ಬಿಟ್ಟಿತು, ಎರಡೂ ಕಡೆ. ಬಿಟ್ಟ ತುದಿಗಳು ಒಳಕ್ಕೆ ಸರ್ರನೆ ಓಡಿ ಬಂದವು. ಉದ್ದನೆಯ ಎಳೆ ಕುಗ್ಗಿ, ಚಪ್ಪಟೆಯಾಗಿ, ಮತ್ತೆ ಉದ್ದವಾಗಿ, ಕೊನೆಗೆ ಒಂದೇ ಒಂದು ಪುಟ್ಟ ಹನಿಯಾಗಿ ನಡುಗುತ್ತಾ ನಿಂತಿತು. ಎರಡು ದೊಡ್ಡವರ ನಡುವೆ ಒಂದು ಮರಿ.

ಅವತ್ತು ರಾತ್ರಿ ಅಡುಗೆಮನೆಯ ದೀಪ ಆರಿಸಿ, ಫೋನಿನ ಫ್ಲ್ಯಾಶ್ ಹಾಕಿ ನಲ್ಲಿಯ ಧಾರೆಯ ಫೋಟೋ ತೆಗೆಯುತ್ತಾ ಹೋದೆ. ಸುಮಾರು ನಲವತ್ತು ಮಸುಕಾದವು. ಒಂದರಲ್ಲಿ ಮರಿ ಹನಿ ಸ್ಪಷ್ಟವಾಗಿ ಸಿಕ್ಕಿತು.