ಬಚ್ಚಲಿನ ಗ್ಯಾಸ್ ಗೀಸರ್ ಹೊರಗೆ ಹಾಕಿದ ಮೇಲೆ: ಮನೆಗೆ ಬೆಂಕಿ, ವಿಷಗಾಳಿ ತಟ್ಟದಂತೆ ಮಾಡಿಕೊಂಡ ಏರ್ಪಾಡು

ಮೊದಲು ಒಂದು ಲೆಕ್ಕ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಗ್ಯಾಸ್ ಗೀಸರ್‌ಗೆ ಸುಮಾರು 12 ಕಿಲೋವ್ಯಾಟ್ ಶಾಖ ಬೇಕು. ಅದಕ್ಕೆ ನಿಮಿಷಕ್ಕೆ 16 ಗ್ರಾಂನಷ್ಟು ಎಲ್‌ಪಿಜಿ ಉರಿಯುತ್ತದೆ. ಅಷ್ಟು ಗ್ಯಾಸ್ ಪೂರ್ತಿ ಉರಿಯಲು ಹೆಚ್ಚುಕಡಿಮೆ 200 ಲೀಟರ್ ಗಾಳಿ ಬೇಕು. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಿನಲ್ಲಿ ಇರುವುದೇ 8,000 ಲೀಟರ್ ಗಾಳಿ. ಚಳಿ ಅಂತ ಕಿಟಕಿ ಮುಚ್ಚಿಕೊಂಡು ಹತ್ತು ನಿಮಿಷ ಸ್ನಾನ ಮಾಡಿದರೆ ಒಳಗಿನ ಆಮ್ಲಜನಕದ ಕಾಲು ಭಾಗವನ್ನು ಗೀಸರ್ ಒಂದೇ ಮುಗಿಸಿರುತ್ತದೆ. ಶೇಕಡಾ 21 ಇದ್ದದ್ದು 16ರ ಹತ್ತಿರ ಬರುತ್ತದೆ. ಅದಕ್ಕೂ ಮೊದಲೇ ಗ್ಯಾಸ್ ಪೂರ್ತಿ ಸುಡದೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹುಟ್ಟಲು ಶುರುವಾಗಿರುತ್ತದೆ. ಒಬ್ಬರಾದ ಮೇಲೆ ಒಬ್ಬರು ಸ್ನಾನಕ್ಕೆ ಹೋಗುವ ಮನೆಯಲ್ಲಿ ಮೂರನೆಯವರ ಪಾಲಿಗೆ ಉಳಿಯುವ ಗಾಳಿ ಎಂಥದ್ದೆಂದು ಯೋಚಿಸಿ.

ಈ ಲೆಕ್ಕ ಹಾಕಿದ ಮೇಲೆ ಗೀಸರನ್ನು ಬಚ್ಚಲಿನಲ್ಲಿ ಇಟ್ಟುಕೊಳ್ಳಲು ನನಗೆ ಯಾವ ಕಾರಣವೂ ಉಳಿಯಲಿಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಬಾಗಿಲು ಭದ್ರವಾಗಿ ಮುಚ್ಚಿದ್ದರೆ ಫ್ಯಾನ್ ಎಳೆಯಲು ಹೊರಗಿನಿಂದ ಗಾಳಿಯೇ ಬರುವುದಿಲ್ಲ. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಆದರೆ ಎರಡು ಸೆಲ್ಲಿನ ಗೀಸರ್ ಉರಿಯುತ್ತಲೇ ಇರುತ್ತದೆ. ಕೆಲವು ಗೀಸರ್‌ಗಳಲ್ಲಿ ಇಪ್ಪತ್ತು ನಿಮಿಷಕ್ಕೆ ತಾನೇ ಆರುವ ಟೈಮರ್ ಇರುತ್ತದೆ. ಅದು ಸಮಯವನ್ನಷ್ಟೇ ಎಣಿಸುತ್ತದೆ, ಗಾಳಿಯಲ್ಲಿ ಏನಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಗೀಸರನ್ನು ಅಡುಗೆಮನೆಯ ಹಿಂದಿನ ಯುಟಿಲಿಟಿಗೆ ಹಾಕಿದೆ. ಅಲ್ಲಿ ಎರಡು ಬದಿ ಬರೀ ಗ್ರಿಲ್, ಗಾಜಿಲ್ಲ. ಗಾಜು ಹಾಕಿ ಮುಚ್ಚಿದ ಯುಟಿಲಿಟಿ ಇನ್ನೊಂದು ಬಚ್ಚಲಿಗೆ ಸಮ, ಅಲ್ಲಿಗೆ ಹಾಕಿ ಪ್ರಯೋಜನವಿಲ್ಲ. ಮಲಗುವ ಕೋಣೆಯ ಕಿಟಕಿ ಪಕ್ಕವೂ ಬೇಡ, ಹೊಗೆಗಾಳಿ ಕಿಟಕಿಯಿಂದ ಮತ್ತೆ ಒಳಗೆ ಬರುತ್ತದೆ. ಗಾಳಿ ನೇರ ಬಡಿದರೆ ಉರಿ ಆರುತ್ತದೆ, ಆದ್ದರಿಂದ ಮಳೆ ಗಾಳಿ ಬೀಸುವ ಬದಿಗೆ ಬೆನ್ನು ಮಾಡಿ ಕೂರಿಸಬೇಕು. ಯುಟಿಲಿಟಿಯಿಂದ ಬಚ್ಚಲಿಗೆ 6 ಮೀಟರ್ ಅರ್ಧ ಇಂಚಿನ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪ್ ಎಳೆದೆ. ನಲ್ಲಿ ತಿರುಗಿಸಿದಾಗ ಮೊದಲು ಬರುವುದು ಆ ಪೈಪಿನಲ್ಲಿ ನಿಂತ ಮುಕ್ಕಾಲು ಲೀಟರ್ ತಣ್ಣೀರು, ಒಂದು ಚೊಂಬಿಗೂ ಕಡಿಮೆ. ದೂರವಾದರೆ ಬಿಸಿನೀರು ಬರುವುದೇ ಇಲ್ಲ ಎಂಬ ಪ್ಲಂಬರ್ ಮಾತು ಇಷ್ಟೇ. ಗೀಸರ್ ಬಾಯಿಗೆ ಸಿಪಿವಿಸಿಯನ್ನು ನೇರವಾಗಿ ಸೇರಿಸಬೇಡಿ, ಶಾಖಕ್ಕೆ ಜಾಯಿಂಟ್ ಸಡಿಲವಾಗುತ್ತದೆ. ಮೊದಲ ಒಂದು ಅಡಿ ಲೋಹದ ಪೈಪ್ ಇರಲಿ. ನಲ್ಲಿ ನಿಲ್ಲಿಸಿದ ಮೇಲೂ ಉರಿ ಆರದಿದ್ದರೆ ನೀರಿನ ಹರಿವು ನೋಡಿ ಗ್ಯಾಸ್ ನಿಲ್ಲಿಸುವ ಒಳಗಿನ ಡಯಾಫ್ರಾಮ್ ಅಥವಾ ಮೈಕ್ರೋಸ್ವಿಚ್ ಕೆಟ್ಟಿದೆ ಎಂದರ್ಥ. ಸಿಲಿಂಡರ್ ಮುಚ್ಚಿ, ರಿಪೇರಿ ಆಗುವ ತನಕ ಮುಟ್ಟಬೇಡಿ. ಒಲೆಯ ಸಿಲಿಂಡರ್‌ಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಗೀಸರ್‌ಗೆ ಎಳೆಯುವ ಕೆಲಸವನ್ನೂ ಮಾಡಿಸಬೇಡಿ. ಗೀಸರ್‌ಗೆ ಬೇರೆ ಸಿಲಿಂಡರ್, ಬೇರೆ ರೆಗ್ಯುಲೇಟರ್ ಇರಲಿ.

ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣುರಿ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಕಾಲಲ್ಲಿ ಶಕ್ತಿ ಇಲ್ಲದಂತಾಗುವುದು ಮೊದಲ ಲಕ್ಷಣಗಳು. ಪಿತ್ತ ಎಂದೋ, ಖಾಲಿ ಹೊಟ್ಟೆ ಎಂದೋ ಅಂದುಕೊಂಡು ಅಲ್ಲೇ ಕುಳಿತರೆ ಎದ್ದು ಚಿಲಕ ತೆಗೆಯಲೂ ಆಗದ ಸ್ಥಿತಿ ಬರುತ್ತದೆ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಮೊದಲು ಇದನ್ನೇ ಅನುಮಾನಿಸಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬಹಳ ಮನೆಗಳಲ್ಲಿದೆ. ಅದನ್ನು ಬೆರಳಿಗೆ ಹಾಕಿ, 98 ತೋರಿಸುತ್ತಿದೆ, ಏನೂ ಆಗಿಲ್ಲ ಎಂದು ತೀರ್ಮಾನಿಸಬೇಡಿ. ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಕೂಡ ಕೆಂಪಾಗಿಯೇ ಇರುತ್ತದೆ. ಆಕ್ಸಿಮೀಟರ್ ಅದನ್ನೂ ಆಮ್ಲಜನಕ ಎಂದೇ ಎಣಿಸುತ್ತದೆ. ರೋಗಿಯನ್ನು ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಿರಿ, ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಮಾಮೂಲಿ ಗಾಳಿಯಲ್ಲಿ ರಕ್ತದಲ್ಲಿರುವ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಒಳಗೆ ಇಳಿಯುತ್ತದೆ.

ಮಾನಾಕ್ಸೈಡ್ ಅಲಾರಂ ಕೊಳ್ಳುವಾಗ ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಇದೆಯೇ, ಯುರೋಪಿನ ಮಾನದಂಡವಾದ ಇಎನ್ 50291ರ ಗುರುತು ಇದೆಯೇ ನೋಡಿ. ಆ ಮಾನದಂಡದ ಅಲಾರಂ 50 ಪಿಪಿಎಂನಲ್ಲಿ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ) ಒಂದರಿಂದ ಒಂದೂವರೆ ಗಂಟೆಗೆ, 100ರಲ್ಲಿ 10ರಿಂದ 40 ನಿಮಿಷಕ್ಕೆ, 300ರಲ್ಲಿ ಮೂರು ನಿಮಿಷದೊಳಗೆ ಕೂಗಬೇಕು. ಊದುಬತ್ತಿ ಹಿಡಿದು ನೋಡಿ ಕೆಟ್ಟಿದೆ ಎನ್ನುವವರು ಈ ಅಂಕಿ ಗಮನಿಸಬೇಕು. ಅದು ಹೊಗೆಯನ್ನು ನೋಡುವ ಯಂತ್ರವಲ್ಲ. ಬಚ್ಚಲಿನೊಳಗೆ ಅದನ್ನು ಹಾಕಲೇಬೇಡಿ, ಹಬೆಗೆ ಸೆನ್ಸರ್ ಹಾಳಾಗುತ್ತದೆ. ಮಾನಾಕ್ಸೈಡ್ ಗಾಳಿಯಷ್ಟೇ ತೂಕದ್ದು, ಎಲ್ಲೆಡೆ ಬೆರೆಯುತ್ತದೆ. ಆದ್ದರಿಂದ ಮಲಗುವ ಕೋಣೆಯಲ್ಲಿ ಹಾಸಿಗೆಯ ಮೇಲೆ ತಲೆಯಿರುವ ಎತ್ತರಕ್ಕೆ ಒಂದು, ಅಡುಗೆಮನೆಗೆ ಹತ್ತಿರದ ಕೋಣೆಯಲ್ಲಿ ಇನ್ನೊಂದು ಹಾಕಿದ್ದೇನೆ. ಸೆನ್ಸರ್ ಆಯಸ್ಸು ಏಳರಿಂದ ಹತ್ತು ವರ್ಷ. ಬಟನ್ ಒತ್ತಿದರೆ ಬೀಪ್ ಬರುತ್ತದೆ ಎಂದು ಅದರಾಚೆಗೂ ಇಟ್ಟುಕೊಳ್ಳಬಾರದು, ಬಟನ್ ಪರೀಕ್ಷಿಸುವುದು ಬ್ಯಾಟರಿ, ಬಜರ್‌ಗಳನ್ನು ಮಾತ್ರ.

ಬಾಣಂತಿ ಕೋಣೆಯ ಮಾತು ಇಲ್ಲೇ ಬರಬೇಕು. ಕಿಟಕಿಗೆ ಬಟ್ಟೆ ತುರುಕಿ, ಮಂಚದ ಪಕ್ಕ ಕೆಂಡದ ಅಗ್ಗಿಷ್ಟಿಕೆ ಇಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಹೊಗೆ ಅಡಗಿದ ಮೇಲೆ ಒಳಗೆ ತಂದರೆ ತೊಂದರೆ ಇಲ್ಲ ಎಂಬುದು ಹಿರಿಯರ ನಂಬಿಕೆ. ಆದರೆ ಹೊಗೆಯಿಲ್ಲದೆ ನಿಗಿನಿಗಿ ಉರಿಯುವ ಇದ್ದಿಲಿನಿಂದಲೇ ಮಾನಾಕ್ಸೈಡ್ ಧಾರಾಳವಾಗಿ ಬರುತ್ತದೆ. ಕೂಸಿನ ಉಸಿರಾಟದ ವೇಗ ದೊಡ್ಡವರದ್ದರ ಎರಡು ಪಟ್ಟಿಗೂ ಹೆಚ್ಚು, ವಿಷವೂ ಬೇಗ ಏರುತ್ತದೆ. ಅಜ್ಜಿಗೆ, ಅತ್ತೆಗೆ ಬೇಸರವಾಗುತ್ತದೆ ಎಂದು ಇದನ್ನು ಬಿಡುವಂತಿಲ್ಲ. ಧೂಪವನ್ನು ಎರಡೂ ಕಡೆ ಕಿಟಕಿ ಬಾಗಿಲು ತೆರೆದಿಟ್ಟು ಹಾಕಿ, ಮುಗಿದ ಕೂಡಲೇ ಕೆಂಡವನ್ನು ಅಂಗಳಕ್ಕೆ ಒಯ್ಯಿರಿ. ರಾತ್ರಿಗೆ ದಪ್ಪ ಕಂಬಳಿ, ಬಿಸಿನೀರಿನ ಚೀಲ ಸಾಕು.

ಅಡುಗೆ ಗ್ಯಾಸ್‌ನ ಅಪಾಯ ಬೇರೆ ತರಹದ್ದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನೀರಿನಂತೆ ಹರಿದು ತಗ್ಗಿನಲ್ಲಿ, ಮೋರಿಯಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡಾ ಎರಡರಷ್ಟು ಇದ್ದರೂ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಸೋರಿಕೆ ಅಲಾರಂ ಆದ್ದರಿಂದ ನೆಲದಿಂದ ಒಂದು ಅಡಿಯೊಳಗೆ ಇರಬೇಕು, ಸಿಲಿಂಡರನ್ನು ಮೋರಿಯ ಬಾಯಿಯ ಮೇಲೆ ಇಡಬಾರದು. ಹುಡುಗ ಸಿಲಿಂಡರ್ ತಂದಾಗ ನಾನು ಮೂರು ನೋಡುತ್ತೇನೆ. ಸೀಲ್, ಹಿಡಿಕೆಯ ಕೆಳಗಿನ ಪಟ್ಟಿಯ ಒಳಬದಿಯಲ್ಲಿ ಬರೆದ ಪರೀಕ್ಷೆಯ ಗಡುವು, ಉದಾಹರಣೆಗೆ ಬಿ-27 ಎಂದರೆ 2027ರ ಏಪ್ರಿಲ್‌ನಿಂದ ಜೂನ್ (ಎ ಮೊದಲ ಮೂರು ತಿಂಗಳು, ಡಿ ಕೊನೆಯ ಮೂರು), ಕ್ಯಾಪ್ ತೆಗೆದ ಮೇಲೆ ವಾಲ್ವಿನೊಳಗಿನ ಕಪ್ಪು ರಬ್ಬರ್ ರಿಂಗ್. ರಿಂಗ್ ಹರಿದಿದ್ದರೆ ರೆಗ್ಯುಲೇಟರ್ ಎಷ್ಟೇ ಸರಿಯಾಗಿ ಕೂರಿಸಿದರೂ ಸೋರುತ್ತದೆ. ಕೂರಿಸಿದ ಮೇಲೆ ಒಂದು ಲೋಟ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ, ಹಳೆಯ ಬ್ರಷ್‌ನಲ್ಲಿ ರೆಗ್ಯುಲೇಟರ್ ಸುತ್ತ ಮತ್ತು ಟ್ಯೂಬಿನ ಎರಡೂ ತುದಿಗೆ ಹಚ್ಚಿ ಅರ್ಧ ನಿಮಿಷ ನೋಡಿ. ಗುಳ್ಳೆ ಒಂದೇ ಜಾಗದಲ್ಲಿ ಊದಿಕೊಳ್ಳುತ್ತಾ ಹೋದರೆ ಸೋರಿಕೆ ಇದೆ. ಕಡ್ಡಿ ಗೀರಿ ನೋಡುವುದು ಬೇಡವೇ ಬೇಡ.

ತಂತಿ ಹೆಣೆದ ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ತಯಾರಾದ ವರ್ಷ ಅದರ ಮೇಲೆಯೇ ಅಚ್ಚಾಗಿರುತ್ತದೆ. ಉದ್ದ ಒಂದೂವರೆ ಮೀಟರ್ ದಾಟಬಾರದು. ಒಲೆಯ ಹಿಂದೆ ಬಿಸಿ ತಾಗುವ ಜಾಗದಲ್ಲಿ, ಗ್ರಾನೈಟ್ ತೂತಿನ ಅಂಚಿನಲ್ಲಿ ಸವೆಯುತ್ತದೆ, ಅಲ್ಲಿ ಬೆರಳಾಡಿಸಿ ನೋಡಿ. ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ, ಉರಿ ನೀಲಿ ಬಿಟ್ಟು ಹಳದಿಯಾಗಿದ್ದರೆ ಬರ್ನರ್ ತೂತು ಕಟ್ಟಿದೆ. ಅದೂ ಮಾನಾಕ್ಸೈಡ್‌ನ ಸೂಚನೆಯೇ.

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ, ಎಕ್ಸಾಸ್ಟ್ ಫ್ಯಾನಂತೂ ಬೇಡ. ದೇವರ ದೀಪ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಎಲ್ಲರೂ ಹೊರಗೆ ಬಂದು ಅಲ್ಲಿಂದ ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ. ಬೆಂಕಿ ಹತ್ತಿದರೆ 101 ಅಥವಾ 112.

ವಿದ್ಯುತ್ತಿನ ಬಗ್ಗೆ ಒಂದೇ ವಿಷಯ ಹೇಳುತ್ತೇನೆ, ಏಕೆಂದರೆ ಉಳಿದದ್ದನ್ನು ಎಲೆಕ್ಟ್ರಿಷಿಯನ್ ನೋಡಿಕೊಳ್ಳುತ್ತಾರೆ, ಇದನ್ನು ನಾವೇ ನೋಡಬೇಕು. ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆರುವ ಸ್ವಿಚ್) ಇದೆ, ಬೆಂಕಿ ಬರುವುದಿಲ್ಲ ಎಂಬ ಧೈರ್ಯ ತಪ್ಪು. ಸಡಿಲ ಸಂಪರ್ಕವನ್ನು ಎಂಸಿಬಿ ಗುರುತಿಸದು. 3 ಕಿಲೋವ್ಯಾಟ್‌ನ ಕರೆಂಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನ ಸ್ಕ್ರೂ ಸಡಿಲವಾಗಿ ಅಲ್ಲಿ 0.2 ಓಮ್ ಪ್ರತಿರೋಧ ಬಂದರೆ ಸುಮಾರು 34 ವ್ಯಾಟ್ ಶಾಖ ಒಂದು ಕಡಲೆಕಾಳಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯಷ್ಟು ಬಿಸಿ, ಅದೂ ಪ್ಲಾಸ್ಟಿಕ್ಕಿನ ನಡುವೆ. ಎಂಸಿಬಿಗೆ ಕಾಣುವುದು ಮಾಮೂಲಿ 13 ಆಂಪಿಯರ್ ಮಾತ್ರ. ಆದ್ದರಿಂದ ಗೀಸರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ ಕಾಲು ಗಂಟೆ ಓಡಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಅಥವಾ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಂದೇ ಬದಲಿಸಿ.

ಹೊಗೆ ಅಲಾರಂ ಫೋಟೋಎಲೆಕ್ಟ್ರಿಕ್ (ಬೆಳಕಿನಿಂದ ಹೊಗೆ ಗುರುತಿಸುವ) ಬಗೆಯದು. ಮಲಗುವ ಕೋಣೆಗಳ ಮುಂದಿನ ಪ್ಯಾಸೇಜಿನ ಸೂರಿಗೆ, ಗೋಡೆಯಿಂದ ಒಂದು ಅಡಿ, ಫ್ಯಾನಿನ ರೆಕ್ಕೆಯಿಂದ ಮೂರು ಅಡಿ ಬಿಟ್ಟು ಹಾಕಿದೆ. ಅಡುಗೆಮನೆಯ ಹತ್ತಿರ ಹಾಕಿದರೆ ಬ್ಯಾಡಗಿ ಮೆಣಸಿನ ಒಗ್ಗರಣೆಗೆಲ್ಲ ಕೂಗಿ, ಯಾರಾದರೂ ಬ್ಯಾಟರಿ ಕಿತ್ತಿಡುತ್ತಾರೆ, ಮತ್ತೆ ಹಾಕುವುದನ್ನು ಮರೆಯುತ್ತಾರೆ. ಬೆಂಕಿ ಆರಿಸುವ 2 ಕಿಲೋ ಎಬಿಸಿ (ಕಟ್ಟಿಗೆ, ಪೆಟ್ರೋಲಿನಂಥ ದ್ರವ, ಗ್ಯಾಸ್ ಬೆಂಕಿಗೆ ಆಗುವ) ಪುಡಿಯ ಸಿಲಿಂಡರ್ ಹತ್ತು ಸೆಕೆಂಡಿನೊಳಗೆ ಖಾಲಿಯಾಗುತ್ತದೆ, ಆದ್ದರಿಂದ ಅದು ಸಣ್ಣ ಬೆಂಕಿಗೆ ಮಾತ್ರ. ಒಲೆಯ ಪಕ್ಕ ತೂಗುಹಾಕಬೇಡಿ, ಬೆಂಕಿ ದಾಟಿ ಹೋಗಿ ತೆಗೆದುಕೊಳ್ಳಲು ಆಗುವುದಿಲ್ಲ. ಬಾಗಿಲ ಬಳಿ ಇರಲಿ. ಬಾಣಲೆ ಎಣ್ಣೆ ಹೊತ್ತಿದರೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ ಸುಮ್ಮನಿರಿ. ನೀರು ಬಿದ್ದರೆ ಎಣ್ಣೆ ಸೂರಿಗೆ ಹಾರುತ್ತದೆ.

ಕಳ್ಳರ ಭಯಕ್ಕೆ ನಾವು ಕಿಟಕಿಗೆಲ್ಲ ಗ್ರಿಲ್ ಹಾಕಿ, ಬಾಗಿಲಿಗೆ ಒಳಗಿನಿಂದಲೂ ಬೀಗ ಹಾಕುತ್ತೇವೆ. ರಾತ್ರಿ ಲೈಟ್ ಆರಿಸಿ, ಮನೆಯವರೆಲ್ಲ ಹಾಸಿಗೆಯಿಂದ ಎದ್ದು ಗೋಡೆ ತಡವುತ್ತಾ ಬಾಗಿಲು ತೆಗೆದು ಹೊರಗೆ ಬರಲು ಎಷ್ಟು ಸೆಕೆಂಡ್ ಬೇಕು ಎಂದು ಅಳೆದು ನೋಡಿ. ಹೆಚ್ಚು ಹೊತ್ತು ಹೋಗುವುದು ಕೀ ಹುಡುಕಲು. ಒಂದು ಕೀಯನ್ನು ಬಾಗಿಲ ಚೌಕಟ್ಟಿನ ಪಕ್ಕ ಹತ್ತು ವರ್ಷದ ಮಗುವಿಗೂ ಎಟುಕುವ ಎತ್ತರದಲ್ಲಿ ಮೊಳೆಗೆ ಸಿಕ್ಕಿಸಿ, ಅದನ್ನು ಬೇರೆ ಯಾವ ಕೆಲಸಕ್ಕೂ ತೆಗೆಯಬೇಡಿ. ಒಂದು ಕಿಟಕಿಯ ಗ್ರಿಲ್‌ಗೆ ಕೀಲು ಹಾಕಿಸಿ ಬಾಗಿಲಿನಂತೆ ತೆರೆಯುವಂತೆ ಮಾಡಿಸಿ, ಅದರ ಕೀ ಕೂಡ ಹೀಗೇ ಅದರ ಪಕ್ಕದಲ್ಲೇ ಇರಲಿ, ಹೊರಗಿನಿಂದ ಕೈ ಹಾಕಿದರೆ ಸಿಗದಷ್ಟು ದೂರಕ್ಕೆ.